ಎಂಜಲಿನ ತೂಕ

ಅವನು ಬಾಗಿಲು ತಟ್ಟಿದಾಗ ಅವಳು ಮೇಜಿನ ಕೆಳಗಿದ್ದಳು.

ತೂಕದ ಯಂತ್ರದ ಬ್ಯಾಟರಿ ಕೈಜಾರಿ, ಉರುಳಿ, ಗೋಡೆಯ ಮೂಲೆ ಸೇರಿತ್ತು. ಬಿಳಿ ಕೋಟು ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಆಸ್ಪತ್ರೆಯ ಕಾರಿಡಾರಿನ ಕಟ್ಟಕಡೆಯ ಆ ಕೋಣೆಯೊಳಗೆ ಇಣುಕಿದವರಿಗೆ ಕಾಣುತ್ತಿದ್ದುದು ಅವಳ ಎರಡು ಪಾದ ಮಾತ್ರ.

"ಡಯಟಿಷಿಯನ್ ಇಲ್ವಾ?" ಎಂದಿತು ಒಂದು ಗಂಡು ದನಿ.

"ಇದೀನಿ. ಒಂದ್ನಿಮಿಷ."

ಅವಳು ಹಿಂದಕ್ಕೆ ಸರಿದು, ಮೇಜಿಗೆ ತಲೆಯನ್ನೊಮ್ಮೆ ಬಡಿಸಿಕೊಂಡು, ಕೆದರಿದ ಕೂದಲಿನಲ್ಲೇ ಎದ್ದು ನಿಂತಳು. ಎದುರಿಗೆ ಒಬ್ಬ ಉದ್ದನೆಯ ಮನುಷ್ಯ. ಮಡಚಿದ ತೋಳಿನ ಅಂಗಿ, ಕಂಕುಳಲ್ಲೊಂದು ಫೈಲು. ಅವನ ಕಣ್ಣು ಅವಳ ಮುಖ ನೋಡಿತು, ಬಾಗಿಲ ಮೇಲಿನ ಫಲಕ ನೋಡಿತು, ಮತ್ತೆ ಅವಳ ಮುಖಕ್ಕೆ ಬಂದು ಅಲ್ಲೇ ನಿಂತಿತು.

"ನೀವಾ?" ಎಂದ.

ಎರಡೇ ಅಕ್ಷರ. ಆದರೆ ಆ ಎರಡಕ್ಷರವನ್ನು ಅವಳು ಬೇಕಾದಷ್ಟು ಸಲ ಕೇಳಿ ಬಲ್ಲಳು. ಅವಳು ದಪ್ಪಗಿದ್ದಳು. ಅಜ್ಜಿಯಿಂದ ಬಂದ ಮೈಕಟ್ಟು. ಎಂಟು ಗಂಟೆ ವಾರ್ಡುಗಳಲ್ಲಿ ಓಡಾಡಿದರೂ, ಅಳೆದು ಉಂಡರೂ ಕರಗದ ಮೈ. ಐದು ವರ್ಷ ಓದಿ, ಎರಡು ಪದವಿ ಪಡೆದು, ಒಂಬತ್ತು ವರ್ಷದಿಂದ ರೋಗಿಗಳಿಗೆ ಪಥ್ಯ ಹೇಳುತ್ತಿದ್ದವಳು. ಆದರೂ ಬಂದವರ ಕಣ್ಣು ಮೊದಲು ಅವಳ ಸೊಂಟ ನೋಡಿ ಆಮೇಲೆ ಗೋಡೆಯ ಮೇಲಿನ ಪ್ರಮಾಣಪತ್ರ ನೋಡುತ್ತಿತ್ತು. 'ಹೇಳೋಳೇ ಹೀಗಿದ್ರೆ ಕೇಳೋರ ಗತಿ ಏನು' ಎಂದು ಬೆನ್ನ ಹಿಂದೆ ನಕ್ಕವರಿಗೆ ಲೆಕ್ಕವಿಲ್ಲ.

"ಹೌದು, ನಾನೇ," ಎಂದಳು, ದನಿಯಲ್ಲಿ ಮಂಜುಗಡ್ಡೆ. "ಯಾಕೆ, ಬೇರೆ ಸೈಜಿನಲ್ಲಿ ಬೇಕಿತ್ತಾ?"

ಅವನ ಕಿವಿ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಫೈಲು ಜಾರಿತು, ಕಾಗದಗಳು ನೆಲದ ತುಂಬ ಹರಡಿದವು. ಅವುಗಳ ಮೇಲಿದ್ದ ಚಿತ್ರ ನೋಡಿ ಅವಳಿಗೆ ಎಲ್ಲ ಅರ್ಥವಾಯಿತು. ಬಿಳಿ ಡಬ್ಬ, ಹಸಿರು ಮುಚ್ಚಳ. 'ಒಂದು ಲೋಟ, ಒಂದು ಊಟ.'

ಓಹೋ. ಪುಡಿ ಕಂಪನಿಯವನು.

*

ವಿಷಯ ಇಷ್ಟು. ಆಸ್ಪತ್ರೆಯಲ್ಲಿ ದೀರ್ಘಕಾಲ ಉಳಿಯುವ ರೋಗಿಗಳ ವಾರ್ಡೊಂದಿತ್ತು, ಮೂವತ್ತು ಹಾಸಿಗೆಯದು. ಅಲ್ಲಿ ಸಂಜೆಯ ಅಡುಗೆ ನಿಲ್ಲಿಸಿ, ಊಟದ ಬದಲಿಗೆ ಈ ಪುಡಿ ಕಲಸಿದ ಲೋಟ ಕೊಟ್ಟರೆ ಹೇಗೆ ಎಂದು ಆಡಳಿತ ಮಂಡಳಿ ಯೋಚಿಸುತ್ತಿತ್ತು. ಪುಡಿಯಲ್ಲಿ ಪ್ರೋಟೀನ್ ಇದೆ, ವಿಟಮಿನ್ ಇದೆ, ಪಾತ್ರೆ ತೊಳೆಯುವ ಗೋಜಿಲ್ಲ. ಆಸ್ಪತ್ರೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಯಾವುದಕ್ಕೂ ಆತುರಪಡದ ಮನುಷ್ಯ. "ನಾಲ್ಕು ವಾರ ಪರೀಕ್ಷೆ ಮಾಡಿ. ಅರ್ಧ ಜನಕ್ಕೆ ಊಟ, ಅರ್ಧ ಜನಕ್ಕೆ ಪುಡಿ. ಆಮೇಲೆ ಮಾತಾಡೋಣ," ಎಂದಿದ್ದರು. ಆಸ್ಪತ್ರೆಯ ಕಡೆಯಿಂದ ಅವಳು, ಕಂಪನಿಯ ಕಡೆಯಿಂದ ಅವನು.

ಅವನು ಮಾರುವವನಲ್ಲ, ಪುಡಿಯ ರುಚಿ ಮತ್ತು ಅಳತೆ ನಿರ್ಧರಿಸುವ ಲ್ಯಾಬಿನವನು. ಆದರೆ ಆಸ್ಪತ್ರೆಯಲ್ಲಿ ಅವನ ಹೆಸರು ಕೇಳುವ ತಾಳ್ಮೆ ಯಾರಿಗಿತ್ತು? ಮೊದಲ ದಿನವೇ ಅವನು 'ಪುಡಿ ಸಾಹೇಬ' ಆದ. ಅವಳಂತೂ ಮೊದಲಿನಿಂದಲೂ 'ಡಯಟ್ ಮೇಡಂ'.

ಅಡುಗೆಮನೆಯ ಯಜಮಾನಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳು ಸೌಟು ಹಿಡಿದೇ ಮಾತನಾಡುವವಳು. ಸಂಜೆಯ ಅಡುಗೆ ನಿಂತರೆ ಅವಳ ಕೈಕೆಳಗಿನ ಆರು ಹೆಂಗಸರ ಕೆಲಸ ಹೋಗುತ್ತಿತ್ತು.

"ಬೆಳ್ಳಗಿರೋದೆಲ್ಲ ಹಾಲಲ್ಲ, ಮೇಡಂ," ಎಂದಳು, ಅವನಿಗೆ ಕೇಳಿಸುವ ಹಾಗೆಯೇ. "ನೀವಿದೀರಿ ಅಂತ ಧೈರ್ಯ ನಮಗೆ."

ಆ ಧೈರ್ಯದ ಭಾರ ಅವಳ ಹೆಗಲ ಮೇಲೆ ಕೂತಿತು.

*

"ಏನು ಅಳೆಯೋಣ?" ಎಂದು ಕೇಳಿದ ಅವನು ಮೊದಲ ಸಂಜೆ.

"ಬಡಿಸಿದ್ದನ್ನ ಎಲ್ಲರೂ ಅಳೀತಾರೆ," ಎಂದಳು ಅವಳು. "ಉಳಿದದ್ದನ್ನ ಅಳೆಯೋಣ."

"ಅಂದ್ರೆ... ಎಂಜಲು?"

"ಹ್ಞೂಂ. ಯಾಕೆ, ಕೈ ಗಲೀಜಾಗುತ್ತಾ ಸಾಹೇಬರಿಗೆ?"

ಅವನು ಕೈಗವಸು ಹಾಕಿಕೊಂಡು ತಟ್ಟೆ ಎತ್ತಿ ತೂಕದ ಯಂತ್ರದ ಮೇಲಿಟ್ಟ.

ಹಾಗೆ ಶುರುವಾಯಿತು ಅವರ ಒಡನಾಟ. ಲೋಕದಲ್ಲಿ ಪ್ರೇಮಿಗಳು ಸಮುದ್ರ ದಂಡೆಯಲ್ಲಿ ನಡೆಯುತ್ತಾರೆ, ಸಿನಿಮಾಕ್ಕೆ ಹೋಗುತ್ತಾರೆ. ಇವರು ಸಂಜೆ ಏಳಕ್ಕೆ ಸರಿಯಾಗಿ ವಾರ್ಡಿನ ಪಕ್ಕದ ತೊಳೆಯುವ ಕೋಣೆಯಲ್ಲಿ ಸ್ಟೀಲ್ ಮೇಜಿನ ಎದುರು ಬದುರು ನಿಂತು ಬೇರೆಯವರ ಎಂಜಲು ತೂಗುತ್ತಿದ್ದರು. ಅವನು ಗ್ರಾಂ ಹೇಳುವುದು, ಅವಳು ಬರೆಯುವುದು. ಬಡಿಸಿದ್ದು, ಉಳಿದದ್ದು, ತಿಂದದ್ದು. ಪುಟದ ಕೊನೆಗೆ ಅವಳ ಸಹಿ, ಅದರ ಪಕ್ಕ ಅವನ ಸಹಿ.

"ಏಳನೇ ಹಾಸಿಗೆ, ಅನ್ನ ಹನ್ನೆರಡು ಗ್ರಾಂ."

"ಹನ್ನೆರಡು."

"ಎಂಟನೇ ಹಾಸಿಗೆ, ಮೊಟ್ಟೆ ಪೂರ್ತಿ ಮಾಯ. ತಟ್ಟೆ ನೆಕ್ಕಿದಾರೆ."

"ನೆಕ್ಕಿದಾರೆ ಅಂತ ಬರೀಬೇಕಾ?"

"ಬರೀರಿ. ವಿಜ್ಞಾನಕ್ಕೆ ಒಳ್ಳೇದು."

ಅವಳು ತುಟಿ ಕಚ್ಚಿ ನಗು ತಡೆದಳು. ಅವನು ಅದನ್ನು ನೋಡಿದ. ನೋಡಲಿಲ್ಲವೆಂಬಂತೆ ಒಂಬತ್ತನೇ ತಟ್ಟೆ ಎತ್ತಿದ. ಯಂತ್ರದ ಅಂಕಿ ಕುಣಿದು ನಿಲ್ಲುವ ತನಕ ಇಬ್ಬರೂ ಬಗ್ಗಿ ನೋಡಬೇಕು. ಆ ಮೂರು ಕ್ಷಣ ಇಬ್ಬರ ಹಣೆಗಳ ನಡುವೆ ಒಂದು ಗೇಣು ಜಾಗ. ಮೊದಲ ವಾರ ಅವಳು ಯಂತ್ರ ಬೇಗ ನಿಲ್ಲಲಿ ಎಂದುಕೊಳ್ಳುತ್ತಿದ್ದಳು. ಎರಡನೇ ವಾರ ಹಾಗೆ ಅನಿಸುವುದು ನಿಂತಿತ್ತು.

ಆ ಎರಡನೇ ವಾರದ ಮಂಗಳವಾರ ಒಂದು ಸಂಗತಿ ನಡೆಯಿತು. ಅಂದಿನ ಊಟದ ತಟ್ಟೆಗಳು ವಾಪಸು ಬಂದಾಗ ಬೇಯಿಸಿದ ತರಕಾರಿ ಹಾಗ್ಹಾಗೇ ಇತ್ತು. ಹದಿನೈದರಲ್ಲಿ ಹದಿಮೂರು ತಟ್ಟೆ. ಅವಳು ಒಂದು ಚೂರು ಬಾಯಿಗಿಟ್ಟಳು. ಉಪ್ಪಿಲ್ಲ, ಖಾರವಿಲ್ಲ, ಒದ್ದೆ ರಟ್ಟಿನ ರುಚಿ.

ಅವನು ತಲೆ ಎತ್ತಿ ಅವಳನ್ನೇ ನೋಡಿದ. "ಇದನ್ನೂ ಬರೀತೀರಾ?"

ಬರೆದರೆ ಅಡುಗೆಮನೆಗೆ ಕೆಟ್ಟ ಹೆಸರು. ಅಕ್ಕನ ಮುಖ ಕಣ್ಣ ಮುಂದೆ ಬಂತು. ಅವಳ ಪೆನ್ನು ಕಾಗದದ ಮೇಲೆ ಒಂದು ಗಳಿಗೆ ತಡೆಯಿತು.

"ಎಷ್ಟು ಗ್ರಾಂ ಹೇಳಿ," ಎಂದಳು. ಹದಿಮೂರೂ ಬರೆದಳು.

ಮರುದಿನ ಸುದ್ದಿ ತಿಳಿದ ಅಕ್ಕ ಅವಳ ಮುಂದೆ ಸೌಟನ್ನು ಠಣ್ಣೆಂದು ಇಟ್ಟಳು. "ನಮ್ಮ ಕಡೆ ಅಂದ್ಕೊಂಡಿದ್ದೆ ನಿಮ್ಮನ್ನ."

"ನಿಮ್ಮ ಕಡೇನೇ ಅಕ್ಕ. ಅದಕ್ಕೇ ಹೇಳ್ತಿದೀನಿ, ಮಂಗಳವಾರದ ತರಕಾರಿ ಯಾರಿಗೂ ಸೇರಲ್ಲ. ಅಷ್ಟು ಬೇಯಿಸ್ಬೇಡಿ. ಕೊನೇಲಿ ಸ್ವಲ್ಪ ಮೆಣಸು ಹಾಕಿ."

ಅಕ್ಕ ಮುಖ ಊದಿಸಿಕೊಂಡು ಹೋದಳು. ಆದರೆ ಮುಂದಿನ ಮಂಗಳವಾರ ತಟ್ಟೆಗಳು ಖಾಲಿ ಬಂದವು.

ಗುರುವಾರ ಅವನ ಸರದಿ. ಪುಡಿಯ ಲೋಟಗಳೆಲ್ಲ ಖಾಲಿಯಾಗಿದ್ದವು. ಅವಳು 'ಪೂರ್ತಿ ಕುಡಿದಿದ್ದಾರೆ' ಎಂದು ಬರೆಯಲು ಹೊರಟಾಗ ಅವನು ಕೈ ಅಡ್ಡ ಹಿಡಿದ. "ತಡೀರಿ. ಕಿಟಕಿ ಹತ್ರದ ಕುಂಡ ನೋಡ್ಕೊಂಡು ಬರ್ತೀನಿ."

ಕುಂಡದ ಮಣ್ಣು ಬೆಳ್ಳಗಾಗಿತ್ತು. ಎದುರಿನ ಸಿಂಕಿನ ತೂತಿನಲ್ಲಿ ನೊರೆ. ಅವನು ಒಬ್ಬೊಬ್ಬ ರೋಗಿಯ ಹತ್ತಿರವೂ ಹೋಗಿ ಕೂತು, ನಗಿಸಿ, ಬೈಸಿಕೊಂಡು, ಯಾರೆಷ್ಟು ಚೆಲ್ಲಿದರೆಂದು ಕೇಳಿಕೊಂಡು ಬಂದ. ವಾಪಸು ಬಂದಾಗ ಅವನ ಮುಖ ಹುಳ್ಳಗಿತ್ತು.

"ಹದಿನೈದರಲ್ಲಿ ಆರು ಜನ ಚೆಲ್ಲಿದಾರೆ. ಬರೀರಿ."

"ನಿಮ್ಮದೇ ಪುಡಿ..."

"ನಂದೇ. ಆ ರುಚಿಗೆ ಎಂಟು ತಿಂಗಳು ಒದ್ದಾಡಿದೀನಿ." ಅವನು ನಗಲು ನೋಡಿದ. "ಗಿಡಕ್ಕಾದ್ರೂ ಹಿಡಿಸ್ತಲ್ಲ, ಬಿಡಿ."

ಅವಳು ಬರೆದಳು. ಎದೆಯೊಳಗೆ ಯಾವುದೋ ಒಂದು ಬಾಗಿಲು, ಸದ್ದಿಲ್ಲದೆ, ತಾನಾಗಿಯೇ ಸರಿದುಕೊಂಡಿತ್ತು.

*

ಮಧ್ಯಾಹ್ನದ ಊಟವನ್ನು ಅವಳು ಉಗ್ರಾಣದಲ್ಲಿ ಮಾಡುತ್ತಿದ್ದಳು, ಬಾಗಿಲು ಮುಚ್ಚಿಕೊಂಡು, ಅಕ್ಕಿಮೂಟೆಯ ಮೇಲೆ ಕೂತು. ಕ್ಯಾಂಟೀನಿನಲ್ಲಿ ಅವಳ ತಟ್ಟೆಯಲ್ಲಿ ಏನಿದೆ ಎಂದು ಇಣುಕುವವರ ಕಾಟ. ಒಂದು ತುಂಡು ಸಿಹಿ ತಿಂದರೆ ಸಾಕು, 'ಓ ಮೇಡಂ!' ಎಂದು ಒಬ್ಬರು ಕಣ್ಣು ಮಿಟುಕಿಸಿದರೆ ಇನ್ನೊಬ್ಬರು ಬೆರಳು ಕುಣಿಸುತ್ತಿದ್ದರು.

ಮೂರನೇ ವಾರ, ಹೊಸ ಡಬ್ಬಗಳನ್ನು ಇಡಲು ಬಂದ ಅವನು ಬಾಗಿಲು ತೆರೆದ. ಅವಳ ಬಾಯಲ್ಲಿ ತುತ್ತು. ಇಬ್ಬರೂ ಕಲ್ಲಾದರು.

ಅವನು ಡಬ್ಬಗಳನ್ನು ಇಟ್ಟ, ಹೊರಗೆ ಹೋದ, ಎರಡು ನಿಮಿಷಕ್ಕೆ ತನ್ನ ಊಟದ ಡಬ್ಬಿ ಹಿಡಿದು ಬಂದು ಪಕ್ಕದ ಮೂಟೆಯ ಮೇಲೆ ಕೂತ.

"ಇಲ್ಲಿ ತಂಪಾಗಿದೆ," ಎಂದ.

"ನೀವು ಊಟ ಮಾಡ್ತೀರಾ? ನಾನು ಲೋಟದಲ್ಲಿ ಕುಡೀತೀರಿ ಅಂದ್ಕೊಂಡಿದ್ದೆ."

"ದಿನಾ ಇಪ್ಪತ್ತು ಸಲ ಅದರ ರುಚಿ ನೋಡ್ತೀನಿ. ಊಟಕ್ಕೂ ಅದೇ ಅಂದ್ರೆ ಸನ್ಯಾಸ ತಗೋಬೇಕಾಗತ್ತೆ."

ಅವಳು ನಕ್ಕಳು, ನಗುವಿನ ನಡುವೆಯೇ ಕೇಳಿಬಿಟ್ಟಳು. "ಅವತ್ತು 'ನೀವಾ' ಅಂದ್ರಲ್ಲ. ಅದು ನನಗೆ ಚುಚ್ಚಿತ್ತು, ಗೊತ್ತಾ?"

ಅವನು ತುತ್ತು ಕೆಳಗಿಟ್ಟ. ಅಂಗಿಯ ಜೇಬಿನಿಂದ ಪರ್ಸು, ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಅವಳದೇ ಕೈಬರಹ! ಎರಡು ವರ್ಷದ ಹಿಂದೆ ಅವಳು ಆ ಕಂಪನಿಗೆ ಬರೆದ ಕಾಗದ. ಡಬ್ಬದೊಳಗಿನ ಚಮಚ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಆರು ಗ್ರಾಂ ಕಡಿಮೆ ಹಿಡಿಯುತ್ತದೆ, ಹತ್ತು ಸಲ ತೂಗಿ ನೋಡಿದ್ದೇನೆ, ಇಗೋ ಹತ್ತೂ ತೂಕ ಎಂದು ಮೂರು ಪುಟ. ಉತ್ತರ ಬಂದಿರಲಿಲ್ಲ.

"ಎಲ್ಲರೂ ನಕ್ಕು ಬುಟ್ಟಿಗೆ ಹಾಕಿದ್ರು. ನಾನು ಎತ್ಕೊಂಡು ಹೋಗಿ ತೂಗಿ ನೋಡ್ದೆ. ನೀವು ಹೇಳಿದ್ದೇ ಸರಿ. ಚಮಚ ಬದಲಾಯಿಸಿದ್ವಿ. ಉತ್ತರ ಬರೀಬಾರದು ಅಂತ ಮೇಲಿನವರ ಅಪ್ಪಣೆ." ಅವನು ಕಾಗದದ ಮೂಲೆಯನ್ನು ಬೆರಳಲ್ಲಿ ನೀವಿದ. "ಇಷ್ಟು ಶ್ರದ್ಧೆಯಿಂದ ಬರೆದವರು ಎಪ್ಪತ್ತು ದಾಟಿದ, ದಪ್ಪ ಕನ್ನಡಕದ, ಹುಬ್ಬು ಗಂಟಿಕ್ಕೋ ಪ್ರೊಫೆಸರಮ್ಮ ಇರ್ಬೇಕು ಅಂದ್ಕೊಂಡಿದ್ದೆ. ಫಲಕದ ಮೇಲೆ ಅದೇ ಹೆಸರು, ಮೇಜಿನ ಕೆಳಗಿಂದ ನೀವು ಎದ್ದು ಬಂದ್ರಿ. ಕೂದಲು ಕೆದರಿಕೊಂಡು, ಕಣ್ಣಲ್ಲಿ ಬೆಂಕಿ ಇಟ್ಕೊಂಡು. ಇನ್ನೇನು ಬಾಯಿಗೆ ಬರುತ್ತೆ? 'ನೀವಾ' ಅಂತ ಬಂತು."

ಉಗ್ರಾಣದ ಸಣ್ಣ ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಅವಳು ತನ್ನ ಡಬ್ಬಿಯಲ್ಲಿದ್ದ ಸಿಹಿಯ ತುಂಡನ್ನು ಮುರಿದು ದೊಡ್ಡ ಪಾಲನ್ನು ಅವನ ಡಬ್ಬಿಯೊಳಗಿಟ್ಟಳು.

ಮರುದಿನ ಇಬ್ಬರೂ ಕ್ಯಾಂಟೀನಿನ ನಟ್ಟನಡುವಿನ ಮೇಜಿನಲ್ಲಿ ಕೂತು ಊಟ ಮಾಡಿದರು. ಇಣುಕಿದವರಿಗೆ ಅವನು, "ಬೇಕಾ? ಹೋಗಿ ತಗೊಂಡು ಬನ್ನಿ, ಅಲ್ಲಿ ಇನ್ನೂ ಇದೆ," ಎಂದ.

*

ಆದರೆ ಅವಳ ಮನೆಯಲ್ಲೇ ಅವಳ ಮಾತು ನಡೆಯುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದು ಸುಳ್ಳಲ್ಲ.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾದವಳು. ಮೂವತ್ತು ವರ್ಷ 'ಹಲೋ' ಎಂದ ಗಂಟಲು. ಇಂದಿಗೂ ಅವಳು ಪಿಸುಗುಟ್ಟಿದರೆ ಮೂರನೇ ಮನೆಗೆ ಕೇಳುತ್ತದೆ. ಆ ಅಮ್ಮನಿಗೆ ಈಗ ಫೋನಿನಲ್ಲಿ ಒಬ್ಬ ದೇವರು ಸಿಕ್ಕಿದ್ದ. ಜನ ಅವನನ್ನು ಸ್ಲಿಮ್ ಸರ್ ಎನ್ನುತ್ತಿದ್ದರು. ಬಿಗಿ ಅಂಗಿ, ಅದರ ಮೇಲೆ ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪು. ದಿನಕ್ಕೊಂದು ವೀಡಿಯೊ, ಲಕ್ಷಾಂತರ ಹಿಂಬಾಲಕರು, ಕೈಯಲ್ಲಿ ಸದಾ ಹಸಿರು ಮುಚ್ಚಳದ ಆ ಡಬ್ಬ. 'ಮೂರು ತಿಂಗಳಲ್ಲಿ ಹತ್ತು ಕಿಲೋ! ನನ್ನನ್ನ ನೋಡಿ, ನಂಬಿ!'

"ನೋಡೇ, ಎಷ್ಟು ಲಕ್ಷಣವಾಗಿದಾನೆ," ಎನ್ನುತ್ತಿದ್ದಳು ಅಮ್ಮ. "ನೀನೂ ಒಂದು ಡಬ್ಬ ತಗೊಂಡು ನೋಡಬಾರದಾ? ನಾನು ಬಾಯಿ ಬಿಟ್ಟು ಹೇಳಿದ್ರೆ ನಿಂಗೆ ಬೇಜಾರು."

ಹೇಳದೆಯೇ ಒಂದು ಡಬ್ಬವನ್ನು ಮಗಳ ಮಂಚದ ಪಕ್ಕ ಇಟ್ಟಿದ್ದಳು. ಮಗಳು ಅದನ್ನು ಮುಟ್ಟಲಿಲ್ಲ. ಅವತ್ತು ಅವಳು ಕನ್ನಡಿಗೆ ಬೆನ್ನು ಹಾಕಿ ತಲೆ ಬಾಚಿಕೊಂಡಳು.

ನಾಲ್ಕನೇ ವಾರ ಮುಗಿದ ಭಾನುವಾರ ಮಧ್ಯಾಹ್ನ, ತೂಕ ಬರೆದ ಪುಸ್ತಕದ ಮೊತ್ತ ಕೂಡಿಸಲು ಅವನು ಮನೆಗೆ ಬಂದ. ಒಳಗೆ ಬರುತ್ತಿದ್ದಂತೆಯೇ ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದು.

ಅಮ್ಮ ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿದ್ದಳು. ಹಣೆಯ ತುಂಬ ತಣ್ಣನೆಯ ಬೆವರು, ಕೈ ಗಡಗಡ. "ಏನಿಲ್ಲ ಕಣೇ... ಸ್ವಲ್ಪ ತಲೆ ಸುತ್ತು..."

ಮಗಳು ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕುಡಿಸಿದಳು. ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದಳು. ಹದಿನೈದು ನಿಮಿಷ ಕಾದು ಮತ್ತೆ ನೋಡಿದಳು. ಅಮ್ಮನ ಮುಖಕ್ಕೆ ಬಣ್ಣ ಬಂತು.

"ಬೆಳಗ್ಗೆ ಏನು ತಿಂದೆ?"

"ಅದೇ... ಆ ಪುಡಿ, ಅರ್ಧ ಲೋಟ."

"ಶುಗರ್ ಮಾತ್ರೆ?"

"ಅದನ್ನ ತಪ್ಪಿಸಬಾರದು ಅಂತ ನೀನೇ ಹೇಳಿದೀಯಲ್ಲ."

ಮಾತ್ರೆ ಪೂರ್ತಿ, ಊಟ ಅರ್ಧ. ರಕ್ತದಲ್ಲಿ ಸಕ್ಕರೆ ಕುಸಿಯಲು ಇನ್ನೇನು ಬೇಕು? ಅವಳಿಗೆ ಸಿಟ್ಟು ಬರಬೇಕಿತ್ತು, ಅಳು ಬಂತು. "ನನ್ನ ಒಂದು ಮಾತು ಕೇಳಬಾರದಿತ್ತಾ, ಅಮ್ಮ?"

ಅವನು ಕಪಾಟಿನ ಮೇಲಿದ್ದ ಡಬ್ಬವನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "'ಸಕ್ಕರೆ ಕಾಯಿಲೆಯ ಮಾತ್ರೆ ತಗೊಳ್ಳೋರು ವೈದ್ಯರನ್ನ ಕೇಳದೆ ಬಳಸಬಾರದು.' ಈ ಸಾಲು ನಾನು ಬರೆದದ್ದು. ಮುಚ್ಚಳದ ಮೇಲೆ, ಕೆಂಪಕ್ಷರದಲ್ಲಿ ಇರ್ಬೇಕು ಅಂತ ಹೇಳಿದ್ದೆ." ಡಬ್ಬದ ಬುಡ ತೋರಿಸಿದ. ಅಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಆ ಸಾಲಿತ್ತು. "ನಾನು ಬರೆದು ಸುಮ್ಮನಾದೆ. ಎಲ್ಲಿ ಅಂಟಿಸಿದ್ರು ಅಂತ ತಿರುಗಿ ನೋಡ್ಲಿಲ್ಲ."

ಅವಳು ಅವನ ಕೈಯಿಂದ ಡಬ್ಬ ತೆಗೆದು ಕೆಳಗಿಟ್ಟಳು. ಅವನ ಬೆರಳು ಬಿಡಲು ಮಾತ್ರ ಮರೆತಳು.

*

ಮಂಡಳಿಯ ಸಭೆ ಬುಧವಾರ ಬೆಳಗ್ಗೆ ಹತ್ತಕ್ಕೆ, ಆಸ್ಪತ್ರೆಯ ಸಭಾಂಗಣದಲ್ಲಿ, ಎಲ್ಲರಿಗೂ ಪ್ರವೇಶ. ಕಂಪನಿಯವರು ತಮ್ಮ ಪರ ಮಾತನಾಡಲು ಸ್ಲಿಮ್ ಸರ್‌ನನ್ನೇ ಕರೆತಂದಿದ್ದರು. ಹಾಲ್ ತುಂಬಿ ತುಳುಕಿತು. ರೋಗಿಗಳು, ನರ್ಸುಗಳು, ಅಡುಗೆಮನೆಯ ಹೆಂಗಸರು. ದವಡೆ ಮುರಿದು ಬಾಯಿಗೆ ತಂತಿ ಹಾಕಿಸಿಕೊಂಡ ಬಸ್ ಡ್ರೈವರು ಕೈಯಲ್ಲಿ ಬರೆಯುವ ಹಲಗೆ ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದ. ನಡುವಿನ ಸಾಲಿನಲ್ಲಿ ಅಮ್ಮ. "ಅವನಿಗೆ ಒಂದು ಪ್ರಶ್ನೆ ಕೇಳೋದಿದೆ," ಎಂದಷ್ಟೇ ಹೇಳಿ ಹೊಸ ಸೀರೆ ಉಟ್ಟು ಬಂದಿದ್ದಳು.

ಸ್ಲಿಮ್ ಸರ್ ಅರ್ಧ ಗಂಟೆ ಮಾತನಾಡಿದ. ಲೋಟದಲ್ಲಿ ಎಷ್ಟು ಪ್ರೋಟೀನ್, ತಟ್ಟೆಯಲ್ಲಿ ಎಷ್ಟು, ಲೋಟವೇ ಗೆದ್ದಿತ್ತು. ಚಪ್ಪಾಳೆಯೂ ಬಿತ್ತು. ಕೊನೆಗೆ ಅವಳತ್ತ ಕೈ ತೋರಿಸಿ ನಕ್ಕ. "ನಮ್ಮ ಡಯಟ್ ಮೇಡಂ ಇದನ್ನ ವಿರೋಧಿಸ್ತಾರಂತೆ. ನಾನೇನೂ ಹೇಳಲ್ಲ. ನನ್ನನ್ನ ನೋಡಿ, ಅವರನ್ನ ನೋಡಿ. ಯಾರ ಮಾತು ಕೇಳ್ಬೇಕು ಅಂತ ನೀವೇ ಹೇಳಿ."

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಲಿನ ಕೊನೆಯಲ್ಲಿ ಕಂಪನಿಯವರ ನಡುವೆ ಅವನು ಕೂತಿದ್ದ. ಅವಳನ್ನೇ ನೋಡುತ್ತಿದ್ದ. ಎಂಟನೇ ಹಾಸಿಗೆಯ ತಟ್ಟೆಯ ಸುದ್ದಿ ಹೇಳುವಾಗಿನ ಅದೇ ಕಣ್ಣು.

ಅವಳು ತೂಕದ ಪುಸ್ತಕದೊಂದಿಗೆ ಎದ್ದು ಮೈಕ್ ಹಿಡಿದಳು.

"ಸರಿ, ನೋಡಿ," ಎಂದಳು. "ಚೆನ್ನಾಗಿ ನೋಡಿ ಮುಗಿಸಿ. ಆಮೇಲೆ ಕೇಳಿ. ನನ್ನ ಮೈಯಲ್ಲಿ ನನ್ನ ಅಜ್ಜಿ ಇದಾಳೆ, ನನ್ನ ಓದು ಈ ಪುಸ್ತಕದಲ್ಲಿದೆ. ಸರ್ ಹೇಳಿದ ಲೆಕ್ಕ ಸರಿ. ಆದ್ರೆ ಅದು ಬಡಿಸಿದ ಲೆಕ್ಕ. ಹೊಟ್ಟೆಗೆ ಹೋದದ್ದರ ಲೆಕ್ಕ ನಾನು ಹೇಳ್ತೀನಿ. ಮೊದಲ ವಾರ ಪುಡಿಯ ಲೋಟದಲ್ಲಿ ನೂರಕ್ಕೆ ತೊಂಬತ್ತು ಭಾಗ ಕುಡಿದ್ರು. ನಾಲ್ಕನೇ ವಾರ ನೂರಕ್ಕೆ ಐವತ್ತೊಂದು. ಊಟದ ತಟ್ಟೆ ಎಪ್ಪತ್ತರಲ್ಲಿ ಶುರುವಾಗಿ ಎಂಬತ್ತಾರಕ್ಕೆ ಬಂತು. ಮೊದಲು ಎಪ್ಪತ್ತೇ ಇದ್ದದ್ದು ಯಾಕೆ? ನಮ್ಮ ಅಡುಗೆಮನೆಯ ತಪ್ಪು. ಅದನ್ನೂ ಬರೆದಿದೀನಿ. ಅವರು ತಿದ್ಕೊಂಡ್ರು."

ಹಿಂದಿನ ಸಾಲಿನಲ್ಲಿ ಅಕ್ಕ ನೆಟ್ಟಗೆ ಕೂತಳು.

"ಇನ್ನೊಂದು ಮಾತು. ಪುಡಿ ಕೆಟ್ಟದ್ದಲ್ಲ. ಅಗಿಯೋಕಾಗದ ನಾಲ್ಕು ಜನ ಒಂದು ಹನಿ ಬಿಡದೆ ಕುಡಿದು ಚೇತರಿಸ್ಕೊಂಡಿದಾರೆ. ಅಂಥವರಿಗೆ ಅದು ಬೇಕೇ ಬೇಕು. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಒಬ್ಬೊಬ್ಬರನ್ನೂ ನೋಡಿ ಹೇಳ್ಬೇಕು. ಸರ್, ಒಂದು ಪ್ರಶ್ನೆ. ಕಿಡ್ನಿ ಕೆಟ್ಟವರಿಗೆ ಪೊಟ್ಯಾಷಿಯಂ ಜಾಸ್ತಿ ಆಗಬಾರದು. ನಿಮ್ಮ ಒಂದು ಲೋಟದಲ್ಲಿ ಅದೆಷ್ಟಿದೆ?"

ಸ್ಲಿಮ್ ಸರ್ ಕೋಟಿನ ಕಾಲರು ಸರಿಪಡಿಸಿಕೊಂಡ. "ನೋಡಿ, ಇದು ಪೂರ್ತಿ ನ್ಯಾಚುರಲ್. ಯಾರಿಗೂ ಏನೂ ಆಗಲ್ಲ."

"ಅಂಕಿ ಕೇಳಿದೆ, ಸರ್."

ದೊಡ್ಡ ಡಾಕ್ಟರು ಕನ್ನಡಕ ತೆಗೆದರು. "ತಾವು ಓದಿದ್ದು ಎಲ್ಲಿ?"

"ನಾನು... ಸರ್ಟಿಫೈಡ್. ಆನ್‌ಲೈನ್ ಕೋರ್ಸು, ಆರು ವಾರದ್ದು." ಸರ್‌ನ ನಗು ಬಿಗಿಯಿತು. "ಅದಿರಲಿ. ಈ ಮೇಡಂ ಪುಸ್ತಕ ಇವರೇ ಕೈಯಾರೆ ಬರ್ಕೊಂಡಿದ್ದು. ಎಂಜಲಂತೆ, ತೂಕವಂತೆ! ಇದನ್ನ ನಂಬೋದು ಹೇಗೆ? ಇನ್ನೊಬ್ಬರು ಯಾರಾದ್ರೂ ನೋಡಿದಾರಾ?"

"ನೋಡಿದಾರೆ."

ಸಾಲಿನ ಕೊನೆಯಲ್ಲಿ ಅವನು ಎದ್ದು ನಿಂತಿದ್ದ. ಪಕ್ಕದಲ್ಲಿದ್ದ ಮ್ಯಾನೇಜರು ಅವನ ಅಂಗಿ ಹಿಡಿದು ಎಳೆದ. ಅವನು ಆ ಕೈಯನ್ನು ಮೆಲ್ಲಗೆ ಬಿಡಿಸಿ ನೇರ ವೇದಿಕೆಗೆ ನಡೆದ.

"ಈ ಪುಡಿ ಮಾಡಿದವನು ನಾನು. ಪ್ರತಿ ಪುಟದ ಕೆಳಗೂ ಎರಡು ಸಹಿ ಇದೆ, ಎರಡನೇದು ನಂದು. ಅವರು ಹೇಳಿದ ಒಂದೊಂದು ಗ್ರಾಮೂ ನನ್ನ ಕಣ್ಣೆದುರೇ ತೂಗಿದ್ದು. ಬಡಿಸಿದ ಲೆಕ್ಕ ಮಾತ್ರ ತೋರಿಸಿ ಅಂತ ನನಗೆ ಹೇಳಿದ್ರು. ತೋರಿಸಲ್ಲ." ಉಸಿರು ತೆಗೆದುಕೊಂಡ. "ಡಬ್ಬದ ಮೇಲಿನ ಎಚ್ಚರಿಕೆ ಸಾಲನ್ನ ಬುಡಕ್ಕೆ ತಳ್ಳಿದಾರೆ. ಅದನ್ನೂ ಇವತ್ತು ಬರೆದು ಕೊಡ್ತೀನಿ."

ಆಗ ನಡುವಿನ ಸಾಲಿನಿಂದ ಮೈಕಿನ ಹಂಗಿಲ್ಲದ ಒಂದು ದನಿ ಹಾಲಿನ ಗೋಡೆಗೆ ಬಡಿದು ಮೊಳಗಿತು.

"ಹಲೋ!"

ಎಲ್ಲರೂ ತಿರುಗಿದರು.

"ಶುಗರ್ ಮಾತ್ರೆ ಜೊತೆ ಇದನ್ನ ಕುಡೀಬಹುದಾ ಅಂತ ನಿಮಗೆ ಹನ್ನೊಂದು ಸಲ ಮೆಸೇಜು ಮಾಡ್ದೆ, ಸರ್. ಹನ್ನೊಂದು ಸಲವೂ ಒಂದು ಹೂವಿನ ಚಿತ್ರ ಕಳಿಸಿದ್ರಿ." ಅಮ್ಮ ಎದ್ದು ನಿಂತಿದ್ದಳು. "ಭಾನುವಾರ ನಾನು ಕುಸಿದಾಗ ಕಾಪಾಡಿದ್ದು ಯಾರು ಗೊತ್ತಾ? ನೀವು ಬೆರಳು ತೋರಿಸಿ ನಕ್ಕಿರಲ್ಲ, ಅವಳು. ನನ್ನ ಮಗಳು. ತಪ್ಪು ನಂದು. ಪಕ್ಕದಲ್ಲೇ ದೀಪ ಇಟ್ಕೊಂಡು ಬೆಳಕಿಗೆ ಪರದಾಡಿದೆ."

ಮುಂದಿನ ಸಾಲಿನ ಬಸ್ ಡ್ರೈವರು ಹಲಗೆಯ ಮೇಲೆ ಗೀಚಿ, ಎದ್ದು ನಿಂತು, ಎರಡೂ ಕೈಯಲ್ಲಿ ಎತ್ತಿ ಹಿಡಿದ. 'ಪುಡಿ ಚೆನ್ನಾಗಿದೆ. ಈ ಮನುಷ್ಯ ಚೆನ್ನಾಗಿಲ್ಲ.'

ಹಾಲ್ ಬಿದ್ದು ಬಿದ್ದು ನಕ್ಕಿತು. ನಗು ಚಪ್ಪಾಳೆಯಾಯಿತು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಸ್ಲಿಮ್ ಸರ್ ಪಕ್ಕದ ಬಾಗಿಲಿನಿಂದ ಜಾಗ ಖಾಲಿ ಮಾಡಿದ್ದ.

ಮಂಡಳಿ ಹತ್ತೇ ನಿಮಿಷದಲ್ಲಿ ತೀರ್ಮಾನಿಸಿತು. ಸಂಜೆಯ ಅಡುಗೆ ಮುಂದುವರಿಯುತ್ತದೆ. ಅಗಿಯಲಾಗದವರಿಗೆ ಮಾತ್ರ ಪುಡಿ, ಅದೂ ಡಯಟ್ ಮೇಡಂ ಬರೆದುಕೊಟ್ಟರೆ. ಇನ್ನು ಮುಂದೆ ಎಲ್ಲ ವಾರ್ಡುಗಳ ಊಟದ ಕೊನೆಯ ಮಾತು ಅವಳದು. ಅಕ್ಕ ಓಡಿ ಬಂದು ಅವಳನ್ನು ತಬ್ಬಿ ನೆಲದಿಂದ ಎತ್ತಲು ನೋಡಿದಳು, ಆಗಲಿಲ್ಲ, ಇಬ್ಬರೂ ನಕ್ಕು ಕುಸಿದರು.

*

ಮಧ್ಯಾಹ್ನದ ಹೊತ್ತಿಗೆ ಅವನ ಕೆಲಸ ಹೋಗಿತ್ತು. ಮ್ಯಾನೇಜರು ಮೆಟ್ಟಿಲ ಮೇಲೆಯೇ ಹೇಳಿ ಮುಗಿಸಿದ್ದ.

ಬಸ್ ನಿಲ್ದಾಣದ ಕಡೆಗೆ ಮೂವರೂ ನಡೆದರು. ಅಮ್ಮ ಇದ್ದಕ್ಕಿದ್ದಂತೆ ಹೆಜ್ಜೆ ಬಿರುಸು ಮಾಡಿ ಹತ್ತು ಮಾರು ಮುಂದೆ ಹೋದಳು, ತನಗೆ ಏನೂ ಕೇಳಿಸುವುದಿಲ್ಲ ಎಂದು ಬೆನ್ನಿನಿಂದಲೇ ಸಾರುತ್ತ.

"ನನ್ನಿಂದ ನಿಮ್ಮ ಕೆಲಸ ಹೋಯ್ತು," ಎಂದಳು ಅವಳು.

"ನನ್ನಿಂದಾನೇ ಹೋಗಿದ್ದು. ದೊಡ್ಡ ಡಾಕ್ಟರು ಸೋಮವಾರ ಬಂದು ಕಾಣಿ ಅಂದಿದಾರೆ. ಅಗಿಯೋಕಾಗದವರಿಗೆ ಇಲ್ಲೇ, ಅಕ್ಕನ ಒಲೆ ಮೇಲೇ ಏನಾದ್ರೂ ಮಾಡೋಕಾಗತ್ತಾ ಅಂತ ಕೇಳಿದ್ರು." ಅವನು ನಿಂತ. "ಅದು ಆಗತ್ತೋ ಇಲ್ವೋ ಗೊತ್ತಿಲ್ಲ. ಗೊತ್ತಿರೋದು ಒಂದೇ. ನಾಲ್ಕು ವಾರದಿಂದ ಸಂಜೆ ಏಳಾಗೋದನ್ನೇ ಕಾಯ್ತಿದ್ದೆ. ಇನ್ಮೇಲೆ ತಟ್ಟೆ ತೂಗೋದಿಲ್ಲ ಅಂತ ನೆನೆಸ್ಕೊಂಡ್ರೆ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಗತ್ತೆ."

"ಊಟ ಮಾಡಿಲ್ಲ, ಅದಕ್ಕೆ."

"ಮೇಡಂ..."

ಅವನ ಕಿವಿ ಮತ್ತೆ ಕೆಂಪಾಗಿತ್ತು. ಅವಳಿಗೆ ಪಾಪ ಎನಿಸಿತು. ಅದಕ್ಕಿಂತ ಹೆಚ್ಚಾಗಿ, ತನ್ನ ಮೈಯ ಒಂದೊಂದು ಗ್ರಾಮೂ ಸಂತೋಷದಿಂದ ಹಗುರಾದಂತೆ ಎನಿಸಿತು.

"ಕೇಳಿ," ಎಂದಳು. "ನಾನು ತೆಳ್ಳಗಾಗಲ್ಲ. ಎಲ್ಲದಕ್ಕೂ 'ಅಳೆದು ನೋಡೋಣ' ಅಂತೀನಿ. ಜಗಳ ಆಡಿದ್ರೆ ಮೂರು ಪುಟ ಬರೀತೀನಿ. ಇಷ್ಟೆಲ್ಲ ಗೊತ್ತಿದ್ದೂ ನನ್ನನ್ನ ಮದುವೆ ಆಗ್ತೀರಾ?"

"ಅದನ್ನ ನಾನು ಕೇಳ್ಬೇಕು ಅಂತ ಬೆಳಗ್ಗೆಯಿಂದ..."

"ನೀವು ಕೇಳೋ ಹೊತ್ತಿಗೆ ಬಸ್ ಬಂದುಬಿಡತ್ತೆ. ಆಗ್ತೀರೋ ಇಲ್ವೋ?"

"ಆಗ್ತೀನಿ," ಎಂದ. ಆಮೇಲೆ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಮತ್ತೊಮ್ಮೆ ಹೇಳಿದ. "ಆಗ್ತೀನಿ, ಆಗ್ತೀನಿ." ಅವಳು ಅವನ ಅಂಗೈಗೆ ಅಂಗೈ ಸೇರಿಸಿದಳು. ಬೀದಿಯ ನಡುಮಧ್ಯೆ, ಹಾಡುಹಗಲು.

ಹತ್ತು ಮಾರು ಮುಂದೆ ಅಮ್ಮ ತಿರುಗಿ ನಿಂತಳು. ಮೂವತ್ತು ವರ್ಷದ ಗಂಟಲು ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ ಪಿಸುಗುಟ್ಟಿತು.

"ಏನಂತೆ? ಹ್ಞೂಂ ಅಂದ್ನಾ?"

"ಹ್ಞೂಂ ಅಂದೆ, ಅಮ್ಮಾ!" ಎಂದು ಅವನು ಕೂಗಿದ.

ಕ್ಯೂನಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಬಸ್ಸು ಬಂತು. ಯಾರೂ ಹತ್ತುವ ಆತುರ ತೋರಿಸಲಿಲ್ಲ.